ಗೆರೆಯ ತಳ

ಎದುರುಮನೆಯ ತಾತ ನನ್ನೊಡನೆ ಆಡಿದ ಮೊದಲ ಮಾತೇ ಒಂದು ದೂರು. ಮಗಳಿಗೆ ಆಗ ಐದು ತಿಂಗಳು. ಅವಳನ್ನು ಸೊಂಟದ ಮೇಲೆ, ತಳ್ಳುಗಾಡಿಯನ್ನು ಇನ್ನೊಂದು ಕೈಯಲ್ಲಿ ಹೊತ್ತು ಮೂರು ಮಹಡಿ ಹತ್ತಿ, ಆಗಷ್ಟೇ ಒರೆಸಿದ್ದ ನೆಲದ ಮೇಲೆ ಗಾಡಿ ಉರುಳಿಸಿಕೊಂಡು ಬಂದು ಬೀಗ ತೆಗೆಯುತ್ತಿದ್ದೆ. ಹಿಂದಿನಿಂದ ದನಿ ಬಂತು.

"ನಿಮ್ಮ ಗಾಡಿ ಎಡಗಡೆ ಹಿಂದಿನ ಚಕ್ರ ವಾಲಿದೆ."

"ಇಷ್ಟು ಬೇಗ ಅದೆಲ್ಲಿ ನೋಡಿದ್ರಿ?"

"ಗಾಡಿ ನೋಡ್ಲಿಲ್ಲ, ನೆಲ ನೋಡ್ದೆ. ಮೂರು ಚಕ್ರ ನೆಟ್ಟಗೆ ಬಂದಿವೆ, ಒಂದು ಕುಡಿದು ಬಂದಿದೆ."

ಸಿಟ್ಟು ಬರಬೇಕಾದಲ್ಲಿ ನಗು ಬಂತು. ಅವರು ಒಳಗಿನಿಂದ ಸ್ಪ್ಯಾನರ್ ತಂದು ಮಂಡಿಯೂರಿ ಚಕ್ರ ಬಿಗಿ ಮಾಡಿಕೊಟ್ಟರು. ಸ್ಪ್ಯಾನರ್ ಎರಡು ಸಲ ಕೈಯಿಂದ ಜಾರಿ ಬಿದ್ದು ಮಗು ಬೆಚ್ಚಿತು. ವಯಸ್ಸಾಗಿದೆ ಎಂದುಕೊಂಡೆ. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಕಟ್ಟಡದವರಿಗೆಲ್ಲ ಅವರು ಟೈರ್ ತಾತ. ಮೂವತ್ತೆಂಟು ವರ್ಷ ಟೈರ್ ಕಾರ್ಖಾನೆಯಲ್ಲಿ ಅಚ್ಚು ಕೆತ್ತಿದವರು. ಟೈರಿನ ಮೈಯಲ್ಲಿ ಎಲ್ಲಿ ಹಳ್ಳ ಬೇಕೋ ಅಲ್ಲಿ ಅಚ್ಚಿನಲ್ಲಿ ದಿಣ್ಣೆ ಇರಬೇಕು. ಆ ದಿಣ್ಣೆಗಳನ್ನು ಲೋಹದಲ್ಲಿ ಉಳಿ ಹಿಡಿದು ಬಿಡಿಸುವುದು ಅವರ ಕೆಲಸ. ಅವರ ಮೇಸ್ತ್ರಿಗೆ ಅಳತೆಯ ಉಪಕರಣದ ಮೇಲೆ ಅಷ್ಟಾಗಿ ನಂಬಿಕೆ ಇರಲಿಲ್ಲವಂತೆ. ತಾತ ಕಣ್ಣು ಮುಚ್ಚಿ, ಅಚ್ಚಿನ ಮೇಲೆ ಬೆರಳು ಓಡಿಸಿ, "ಇಲ್ಲಿ ಕೂದಲೆಳೆಯಷ್ಟು ಹೆಚ್ಚಿದೆ" ಅಂದರೆ ಮರುಮಾತಿಲ್ಲದೆ ಉಜ್ಜಿಸುತ್ತಿದ್ದನಂತೆ. ಜೊತೆಯವರು ಹಾಸ್ಯ ಮಾಡುತ್ತಿದ್ದರು: "ಇವನ ಕಣ್ಣಿರೋದು ಬೆರಳ ತುದೀಲಿ. ಮುಖದ ಮೇಲಿರೋವು ಅಲಂಕಾರಕ್ಕೆ."

ಆಮೇಲೆ ಅಚ್ಚು ಕೊರೆಯುವ ಯಂತ್ರ ಬಂತು. ಜೊತೆಯವರು ಒಬ್ಬೊಬ್ಬರಾಗಿ ಚದುರಿದರು. ಕೆಲವರು ಊರಿಗೆ, ಕೆಲವರು ಮೇಲಕ್ಕೆ. ತಾತ ಮದುವೆಯಾದವರಲ್ಲ. ಗಂಡನನ್ನು ಕಳೆದುಕೊಂಡ ಅಕ್ಕ ಜೊತೆಗಿದ್ದರು, ಅವರೂ ಆರು ವರ್ಷದ ಹಿಂದೆ ತೀರಿಕೊಂಡರು. "ಅಕ್ಕ ಹೋದ್ಮೇಲೆ ಮನೇಲಿ ಮಾತಾಡೋದು ಗಡಿಯಾರ ಒಂದೇ. ಅದೂ ಹೇಳಿದ್ದೇ ಹೇಳುತ್ತೆ," ಎಂದು ಒಮ್ಮೆ ನಗುತ್ತಲೇ ಹೇಳಿದ್ದರು. ನಾನು ನಗಲಿಲ್ಲ. ನನ್ನವರು ಲಾರಿ ಓಡಿಸುತ್ತಾರೆ. ಹತ್ತು ದಿನಕ್ಕೊಮ್ಮೆ ಮನೆ, ಅದೂ ಒಂದು ಒಳ್ಳೆಯ ನಿದ್ದೆಗೆ. ಇನ್ನೂ ಮಾತು ಬಾರದ ಮಗುವಿನೊಡನೆ ದಿನವಿಡೀ ಮಾತಾಡಿ ಗಂಟಲು ಒಣಗುವುದೇನೆಂದು ನನಗೂ ಗೊತ್ತು.

ತಾತ ಬೀದಿಗಿಳಿದರೆ ನಿಂತ ಕಾರುಗಳ ಪಕ್ಕ ಬಗ್ಗಿ ಬಗ್ಗಿ ನೋಡುತ್ತ ಹೋಗುತ್ತಿದ್ದರು. ಕಾರಿನ ಹೆಸರಾಗಲಿ ಬಣ್ಣವಾಗಲಿ ಅವರಿಗೆ ಬೇಕಿರಲಿಲ್ಲ. ಒಮ್ಮೆ ಕಾವಲುಗಾರನೊಬ್ಬ ಹೆಗಲು ಹಿಡಿದು ನಿಲ್ಲಿಸಿದ.

"ಏನ್ರೀ, ಟೈರ್ ಕದಿಯೋಕೆ ಹೊಂಚು ಹಾಕ್ತಿದೀರಾ?"

"ಇಂಥ ಟೈರ್ ಕದ್ದೆ ಅಂತ ಗೊತ್ತಾದ್ರೆ ನನ್ನ ಮರ್ಯಾದೆ ಏನಾಗ್ಬೇಕಪ್ಪಾ?"

ಅವರ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮೂಲೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಬಟ್ಟೆಯ ರಟ್ಟಿನ ದಪ್ಪ ಪುಸ್ತಕ. ಗುಜರಿ ಅಂಗಡಿ, ಹಳೆ ಗ್ಯಾರೇಜು, ಪಾಳುಬಿದ್ದ ಶೆಡ್ಡು, ಎಲ್ಲಿ ಹಳೆಯ ಟೈರು ಸಿಕ್ಕಿತೋ ಅಲ್ಲಿ ಅದರ ಮೇಲೆ ತೆಳು ಕಾಗದ ಹೊದಿಸಿ, ಪೆನ್ಸಿಲಿನ ಮೈ ಉಜ್ಜಿ ಗುರುತು ತೆಗೆದು ಅಂಟಿಸಿದ ಪುಸ್ತಕ ಅದು. ಮಗಳಿಗೆ ಗಂಜಿ ತಿನ್ನಿಸಲು ನಾನು ಅಲ್ಲೇ ಹೋಗಿ ಕೂರತೊಡಗಿದೆ. ಅವರು ಹಾಳೆ ತಿರುಗಿಸಿದರೆ ಅವಳು ಬಾಯಿ ತೆರೆಯುತ್ತಿದ್ದಳು. ನನಗೆ ಕೆಲಸ ಸಲೀಸು.

"ನೋಡು ಮಗಳೇ, ಕಾರು ಬಂದ ಹೊಸತರಲ್ಲಿ ಟೈರಿಗೆ ಗೆರೆಯೇ ಇರ್ಲಿಲ್ಲ. ಬೋಳು. ಒಣ ರಸ್ತೆಗೆ ಸಾಕು. ಕೆಸರು ಕಂಡ್ರೆ ಕಾರು ಎಮ್ಮೆ ಥರ ಮಲಗ್ತಿತ್ತು. ಅದಕ್ಕೆ ತೊಗಲಿನ ಪಟ್ಟಿ ಸುತ್ತಿ ಉಕ್ಕಿನ ಮೊಳೆ ಹೊಡೆದ್ರು. ಕಲ್ಲಿನ ಮೇಲೆ ಹೋದ್ರೆ ಕಿಡಿ! ಆಮೇಲೆ ರಬ್ಬರಲ್ಲೇ ಗೆರೆ ಎರಕ ಹೊಯ್ಯೋದು ಬಂತು. ಇದು ಅಂಗಿ ಗುಂಡಿ ಥರ, ಗುಂಡಿ ಗುಂಡಿ. ಇದು ಹರಳಿನ ಆಕಾರ. ಇದು ಅಂಕುಡೊಂಕು. ಒಬ್ಬರಂತೂ ಅಕ್ಷರಾನೇ ಎರೆದಿದ್ರು, ಧೂಳಲ್ಲಿ ಕಾರು ಬರ್ಕೊಂಡು ಹೋಗ್ತಿತ್ತು."

"ಇದ್ರಲ್ಲಿ ಯಾವುದು ಒಳ್ಳೇದು ತಾತ?"

"ಸೊಸೆಯಂದಿರಲ್ಲಿ ಯಾರು ಒಳ್ಳೇವಳು ಅಂತ ಕೇಳ್ದಂಗಾಯ್ತು. ರಸ್ತೆ ನೋಡಿ ಹೇಳ್ಬೇಕು. ಗುಂಡಿ ಕೆಸರಿಗೆ ಜಾಣೆ, ಆದ್ರೆ ಬೇಗ ಸವೀತಾಳೆ. ಹರಳು ಪಕ್ಕಕ್ಕೆ ಜಾರೋಕೆ ಬಿಡಲ್ಲ. ಅಂಕುಡೊಂಕು ಬ್ರೇಕ್ ಹಾಕ್ದಾಗ ಹಿಡೀತಾಳೆ, ಓಡುವಾಗ ಗೊಣಗ್ತಾಳೆ."

ಮಗಳಿಗೆ ಹತ್ತು ತಿಂಗಳು ತುಂಬಿದ ವಾರ ತಾತನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಂದರು. ಐವತ್ತರ ಆಸುಪಾಸು, ಚಿಕ್ಕ ಕೂದಲು, ಉಗುರಿನ ಸಂದಿಯಲ್ಲಿ ಗ್ರೀಸು. ಹಳೆಯ ಕಾರುಗಳನ್ನು ಮೊದಲಿನ ಹಾಗೆ ಮಾಡಿಕೊಡುವ ವರ್ಕ್‌ಶಾಪಿನ ಯಜಮಾನಿ. ನೂರು ವರ್ಷಕ್ಕೂ ಹಳೆಯ ಕಾರೊಂದು ಅವರ ಕೈಗೆ ಬಂದಿತ್ತು. ನಾಲ್ಕು ಚಕ್ರ, ಮೂರೇ ಟೈರು, ಮೂರಕ್ಕೂ ಮೂರು ಬಗೆಯ ಗೆರೆ. ಕಾರು ಹೊರಬಂದ ದಿನ ಯಾವ ಗೆರೆಯ ಟೈರು ಹಾಕಿಕೊಂಡು ಬಂದಿತ್ತೋ ಅದೇ ಬಗೆಯ ನಾಲ್ಕು ಹೊಸ ಟೈರು ಎರೆಸಬೇಕಂತೆ.

"ಯಾವುದು ಅಂತ ನೀವು ಹೇಳ್ಬೇಕು. ಹೇಳಿ ಸುಮ್ನಿರೋದಲ್ಲ, ಅದರ ಅಚ್ಚೂ ನೀವೇ ಕೆತ್ತಬೇಕು. ಮೂರು ತಿಂಗಳ ಕೆಲಸ. ಕಿಟಕಿ ಪಕ್ಕ ಮೇಜು ಹಾಕಿಸ್ತೀನಿ. ಎಂಟು ಜನ ಇದ್ದಾರೆ, ಬಾಯಿ ಜಾಸ್ತಿ, ಸಹಿಸ್ಕೋಬೇಕು."

"ಬಾಯಿ ಜಾಸ್ತಿನಾ? ಎಷ್ಟಿದ್ರೂ ಇರ್ಲಿ," ಎಂದರು ತಾತ. ಆ ಮಾತು ಹೇಳುವಾಗ ಅವರ ಮುಖವನ್ನು ನಾನು ನೋಡಿದೆ. ಎಂಟು ಜನರ ಮಧ್ಯೆ ಒಂದು ಮೇಜು. ಆ ಮನುಷ್ಯನಿಗೆ ಬೇಕಾಗಿದ್ದದ್ದು ಅಷ್ಟೇ.

ಪುಸ್ತಕ ಭಾರ ಎಂಬ ನೆಪದಲ್ಲಿ ನನ್ನನ್ನೂ ಕರೆದರು. ತಳ್ಳುಗಾಡಿಯ ಕೆಳಗಿನ ಜಾಗದಲ್ಲಿ ಪುಸ್ತಕ, ಮೇಲೆ ಮಗಳು. ತಾತ ಕ್ಷೌರ ಮಾಡಿಕೊಂಡು, ಕಾರ್ಖಾನೆಯ ನೀಲಿ ಕೋಟು ಹಾಕಿಕೊಂಡು ಬಂದರು. ವರ್ಕ್‌ಶಾಪಿನ ಬಾಗಿಲಲ್ಲೇ ದಪ್ಪ ಮೀಸೆಯ ಬೆಸುಗೆಯವನು ತಡೆದ.

"ಏನ್ ತಾತ, ಮೂರು ತಲೆಮಾರೂ ಕೆಲಸಕ್ಕೆ ಸೇರ್ತಿದೀರಾ?"

"ಚಿಕ್ಕವಳು ಮೇಸ್ತ್ರಿ. ಅವಳು ಅತ್ರೆ ನೀನು ಕೆಲಸ ನಿಲ್ಲಿಸ್ಬೇಕು," ಎಂದರು ತಾತ. ಎಲ್ಲರೂ ನಕ್ಕರು. ತಾತ ಹತ್ತು ವರ್ಷ ಚಿಕ್ಕವರಾದಂತೆ ಕಂಡರು.

ಮೂರು ಟೈರುಗಳನ್ನು ಮರದ ಕಟ್ಟಿನ ಮೇಲೆ ಸಾಲಾಗಿ ಇಟ್ಟಿದ್ದರು. ಗುಂಡಿಗಳ ಟೈರು ಕಪ್ಪು. ಹರಳಿನದೂ ಅಂಕುಡೊಂಕಿನದೂ ಹಳೆಯ ಹಲ್ಲಿನ ಬಣ್ಣ. ತಾತ ಪುಸ್ತಕ ಬಿಡಿಸಿದರು. ಎಂಟೂ ಜನ ಕೆಲಸ ಬಿಟ್ಟು ಸುತ್ತ ನಿಂತರು.

"ಮೊದಮೊದಲು ಕಾರಿನ ಟೈರು ಕಪ್ಪಗಿರ್ಲಿಲ್ಲ, ರಬ್ಬರಿಗೆ ಮಸಿ ಬೆರೆಸೋದು ಆಮೇಲೆ ಬಂತು. ಹಾಗಾಗಿ ಈ ಗುಂಡಿಯವನು ಆಚೆಗೆ. ಉಳಿದೋರು ಇಬ್ರು. ಹರಳಿನ ಈ ಎರಕ ನನ್ನ ಪುಸ್ತಕದಲ್ಲಿ ಮೂರು ಕಡೆ ಇದೆ. ಮೂರೂ ಈ ಕಾರಿಗಿಂತ ಆರೇಳು ವರ್ಷ ಚಿಕ್ಕ ಕಾರಿಂದು. ಸವೆದ ಟೈರು ತೆಗೆದು ಆಮೇಲೆ ಹಾಕ್ಸಿರೋದು." ಆಮೇಲೆ ಅಂಕುಡೊಂಕಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಬೆರಳುಗಳು ಗೆರೆಯುದ್ದಕ್ಕೂ ನಿಧಾನವಾಗಿ ಹೋದವು, ಬಂದವು. "ಇದೇ," ಎಂದರು.

ಯಜಮಾನಿ ಚಪ್ಪಾಳೆ ತಟ್ಟಿದರು. ಕಿಟಕಿಯ ಪಕ್ಕದ ಮೇಜನ್ನು ತೋರಿಸಲು ತಾತನನ್ನು ಕರೆದೊಯ್ದರು. ಅಷ್ಟರಲ್ಲಿ ಮಗಳು ಗಾಡಿಯಿಂದ ಬಗ್ಗಿ ಆ ಅಂಕುಡೊಂಕಿನ ಟೈರಿನ ಗೆರೆಯೊಳಗೆ ಬೆರಳು ತೂರಿಸಿದ್ದಳು. ಆ ಬೆರಳು ಮುಂದೆ ಎಲ್ಲಿಗೆ ಹೋಗುತ್ತದೆಂದು ತಾಯಿಗೆ ಗೊತ್ತಿರುವುದರಿಂದ ಎಳೆದು ಒರೆಸಿದೆ. ಅವಳಿಗೆ ಏನು ಮೆತ್ತಿತು ಎಂದು ನಾನೂ ಒಂದು ಸಲ ಗೆರೆಯ ತಳವನ್ನು ಮುಟ್ಟಿ ನೋಡಿದೆ. ಮೆತ್ತಿದ್ದು ಬರೀ ಧೂಳು.

ಸೋಮವಾರದಿಂದ ಕೆಲಸ. ಅಲ್ಲಿಯವರೆಗೆ ಕೈ ಪಳಗಿಸಿಕೊಳ್ಳುತ್ತೇನೆಂದು ತಾತ ಸಾಬೂನಿನ ಬಿಲ್ಲೆಗಳ ಮೇಲೆ ಅಂಕುಡೊಂಕು ಕೆತ್ತತೊಡಗಿದರು. ಬಾಗಿಲು ತೆರೆದೇ ಇರುತ್ತಿತ್ತು. ಏನೋ ಗುನುಗುವುದು ಕೇಳಿಸುತ್ತಿತ್ತು. ಫೋನಿನಲ್ಲಿ ನನ್ನವರಿಗೆ ಹೇಳಿದೆ. "ಪರವಾಗಿಲ್ವೇ, ನಮ್ಮ ತಾತನಿಗೆ ಕೆಲಸ ಸಿಕ್ತು. ನಾನು ರಿಟೈರ್ ಆಗ್ಬಹುದು," ಎಂದು ಅವರೂ ಖುಷಿಪಟ್ಟರು.

ಗುರುವಾರ ಸಂಜೆ ಹಾಲು ಕಾಯಿಸಿ ಲೋಟಕ್ಕೆ ಹಾಕಿ, ಸೆರಗಿನಲ್ಲಿ ಹಿಡಿದುಕೊಂಡು ಹೋಗಿ ಮೇಜಿನ ಮೇಲಿಟ್ಟೆ. "ಸುಡುತ್ತೆ ತಾತ, ತಡೀರಿ," ಎನ್ನುವಷ್ಟರಲ್ಲಿ ಅವರು ಲೋಟವನ್ನು ಐದೂ ಬೆರಳಿಂದ ಹಿಡಿದು ಎತ್ತಿದರು. ತುಟಿಗೆ ತಾಗಿಸಿದ ಮೇಲೆ ಬೆಚ್ಚಿ ಕೆಳಗಿಟ್ಟರು. ತುಟಿಗೆ ಗೊತ್ತಾದ ಬಿಸಿ ಬೆರಳಿಗೆ ಗೊತ್ತಾಗಿರಲಿಲ್ಲ.

"ಕಬ್ಬಿಣ ಹಿಡಿದ ಕೈಯಮ್ಮಾ," ಎಂದರು, ನಾನು ಏನೂ ಕೇಳದೆಯೇ.

ಆಗ ನಾನು ಸಾಬೂನು ನೋಡಿದೆ. ಗೆರೆಗಳು ಒಂದು ಕಡೆ ಆಳ, ಒಂದು ಕಡೆ ಬರೀ ಗೀಚು. ಬಿಳಿ ಬಿಲ್ಲೆಯ ಅಂಚಿನಲ್ಲಿ ಕೆಂಪಗೆ ಏನೋ. ಅವರ ಎಡಗೈ ಹೆಬ್ಬೆರಳು ಉಳಿ ತಾಗಿ ಸೀಳಿತ್ತು, ರಕ್ತ ಇಳಿಯುತ್ತಿತ್ತು, ಅವರು ಅದೇ ಕೈಯಿಂದ ಮಗಳ ಕೆನ್ನೆ ತಟ್ಟಲು ಹೋದರು.

"ತಾತ, ನಿಮ್ಮ ಕೈ!"

ಅವರು ನೋಡಿಕೊಂಡರು. ಇನ್ನೊಬ್ಬರ ಕೈ ನೋಡುವ ಹಾಗೆ ನೋಡಿಕೊಂಡರು.

ಗಾಯ ತೊಳೆದು ಬಟ್ಟೆ ಸುತ್ತುವಾಗ ಕೇಳಿದೆ. "ಎಷ್ಟು ದಿನದಿಂದ?"

"ದಿನ ಎಲ್ಲಿ? ಎರಡು ವರ್ಷ. ಸಕ್ಕರೆ ಕಾಯಿಲೆ ಅಂದ್ರು ಡಾಕ್ಟ್ರು. ಕೈಗವಸು ಹಾಕ್ಕೊಂಡ ಹಾಗಿರುತ್ತೆ, ಬಿಚ್ಚೋಕಾಗಲ್ಲ."

"ಹಾಗಾದ್ರೆ ಅವತ್ತು ಕಣ್ಣು ಮುಚ್ಚಿ ಟೈರ್ ಮುಟ್ಟಿದ್ದು?"

ತಾತ ಬೆರಳಿಗೆ ಸುತ್ತಿದ ಬಟ್ಟೆಯನ್ನು ನೋಡಿದರು. ಆಮೇಲೆ, "ಎಲ್ರೂ ನೋಡ್ತಿದ್ರಲ್ಲಮ್ಮ," ಎಂದರು. "ನೋಡಿದ್ದೆಲ್ಲ ಕಣ್ಣಲ್ಲೇ. ಪುಸ್ತಕದಲ್ಲಿ ಅಂಥದೇ ಒಂದು ಅಂಕುಡೊಂಕು ಇತ್ತು. ತಾಳೆ ಆಯ್ತು. ಸಾಕು ಅನ್ಕೊಂಡೆ."

ಅವರನ್ನು ಸಮಾಧಾನ ಮಾಡಬೇಕೆಂದೇ ನಾನು ಆ ಮಾತು ಆಡಿದ್ದು. ಆಡಬಾರದಿತ್ತೋ ಏನೋ. "ನಿಮ್ಮ ಬೆರಳಿಗೆ ಗೊತ್ತಾಗದಿದ್ರೇನು, ನಾನೂ ಮುಟ್ಟಿದೀನಲ್ಲ. ಇವಳು ಬೆರಳು ಹಾಕಿದ್ಲು ಅಂತ ನಾನೂ ನೋಡ್ದೆ. ಚೆನ್ನಾಗೇ ಇತ್ತು, ಗೆರೆ ಒಳಗೆ ಸಣ್ಣ ಸಣ್ಣ ಮೆಟ್ಟಿಲು ಥರ."

ತಾತನ ಕೈ ನನ್ನ ಕೈಯಲ್ಲಿ ಬಿಗಿಯಾಯಿತು. "ಏನ್ ಥರ?"

"ಮೆಟ್ಟಿಲು. ಸೌತೆಕಾಯಿ ಸಿಪ್ಪೆ ಒಂದೇ ಸಲಕ್ಕೆ ಬರದೆ ನಿಲ್ಲಿಸಿ ನಿಲ್ಲಿಸಿ ಹೆರೆದ್ರೆ ಇರುತ್ತಲ್ಲ, ಹಾಗೆ."

ಅವರು ಎದ್ದು ಮೇಜಿನ ಖಾನೆಯಿಂದ ಎರಡು ರಬ್ಬರ್ ತುಂಡು ತೆಗೆದು ನನ್ನ ಮುಂದಿಟ್ಟರು. ಕಣ್ಣು ಮುಚ್ಚು ಎಂದರು. ಒಂದರ ಗೆರೆಯ ತಳ ತೊಳೆದ ಬಟ್ಟಲಿನಂತೆ ನುಣುಪಾಗಿ, ಮೂಲೆಗಳಲ್ಲಿ ದುಂಡಗೆ ಇತ್ತು. ಇನ್ನೊಂದರಲ್ಲಿ ಅದೇ ಮೆಟ್ಟಿಲು.

"ಎರಡನೇದು," ಎಂದೆ.

"ಸರಿಯಾಗಿ ನೋಡು."

"ಎರಡನೇದೇ ತಾತ."

ಅವರು ಹಾಸಿಗೆಯ ಮೇಲೆ ಕೂತುಬಿಟ್ಟರು. ಮೊದಲನೆಯದು ಅಚ್ಚಿನಿಂದ ಬಂದದ್ದು, ಎರಡನೆಯದು ಚಾಕುವಿನಿಂದ ಕೊರೆದದ್ದು. ಬೋಳು ಟೈರಿನ ಕಾರು ಕೆಸರಲ್ಲಿ ಜಾರುತ್ತದೆಂದು ಆ ಕಾಲದ ಡ್ರೈವರುಗಳು ಕೆಲವರು ತಾವೇ ಚಾಕು ಬಿಸಿ ಮಾಡಿ ಗೆರೆ ಕೊರೆಯುತ್ತಿದ್ದರಂತೆ. ಕಾಗದ ಇಟ್ಟು ಉಜ್ಜಿದರೆ ಎರಡೂ ಒಂದೇ ತರಹ ಕಾಣುತ್ತವೆ. "ಕಾಗದಕ್ಕೆ ಮೇಲ್ಮೈ ಮಾತ್ರ ಗೊತ್ತಮ್ಮಾ. ತಳ ಗೊತ್ತಾಗೋದು ಬೆರಳಿಗೆ."

"ಅಂದ್ರೆ ಆ ಕಾರಿಂದು..."

"ಬೋಳು ಟೈರು. ಗೆರೆಯೇ ಇಲ್ಲ."

ಅರ್ಥವಾಗಲು ನನಗೆ ಒಂದು ಗಳಿಗೆ ಹಿಡಿಯಿತು. ಗೆರೆಯೇ ಇಲ್ಲದ ಟೈರಿಗೆ ಕೆತ್ತುವವನು ಬೇಡ. ಮೂರು ತಿಂಗಳು ಇಲ್ಲ, ಕಿಟಕಿ ಪಕ್ಕದ ಮೇಜು ಇಲ್ಲ, ಬಾಯಿ ಜಾಸ್ತಿಯ ಎಂಟು ಜನ ಇಲ್ಲ.

ನಾನು ಮನೆ ತೂಗಿಸುವವಳು. ಮುರಿದದ್ದನ್ನು ಅಂಟಿಸಿ, ಹರಿದದ್ದನ್ನು ಮಡಿಸಿ ಒಳಗೆ ಹೊಲಿದು ದಿನ ದೂಡುವವಳು. ಅದಕ್ಕೇ ಹೇಳಿದೆ: "ಯಾರಿಗೆ ಗೊತ್ತಾಗುತ್ತೆ ತಾತ? ಅಂಕುಡೊಂಕು ಕೂಡ ಆ ಟೈರ್ ಮೇಲೇ ತಾನೇ ಇರೋದು. ಸುಳ್ಳೇನಲ್ಲ. ಅವರೇನು ಅದರಲ್ಲಿ ಬೆಟ್ಟ ಹತ್ತೋಕೆ ಹೋಗ್ತಾರಾ? ನೀವು ಕೆತ್ತಿ. ಗೆರೆ ಸಮ ಇದೆಯಾ ಅಂತ ನಾನು ಬಂದು ಮುಟ್ಟಿ ಹೇಳ್ತೀನಿ."

ತಾತ ರಬ್ಬರ್ ತುಂಡುಗಳನ್ನು ಖಾನೆಗೆ ಹಾಕಿ ಮುಚ್ಚಿದರು. ಶುಕ್ರವಾರ ಅವರ ಬಾಗಿಲು ಮುಚ್ಚಿತ್ತು. ಶನಿವಾರವೂ ಮುಚ್ಚಿತ್ತು. ಗಂಜಿಯ ಬಟ್ಟಲು ಹಿಡಿದು ಹೊರಗೆ ನಿಂತು ಕರೆದರೆ, "ಇದ್ದೀನಮ್ಮಾ, ಮಲಗಿದೀನಿ," ಎಂಬ ದನಿ. ಮಗಳು ಆ ಬಾಗಿಲನ್ನು ಅಂಗೈಯಿಂದ ಬಡಿದಳು, ನನ್ನ ಮುಖ ನೋಡಿದಳು, ಮತ್ತೆ ಬಡಿದಳು. ಅವಳನ್ನು ಎತ್ತಿಕೊಂಡು ಒಳಗೆ ಬಂದು ನಮ್ಮ ಅಡುಗೆಮನೆಯ ಗೋಡೆಗೆ ಒರಗಿ ಕೂತೆ. ಕಾರಿಡಾರಿನ ಆಚೆಗೊಬ್ಬರು, ಈಚೆಗೊಬ್ಬಳು. ನಡುವೆ ನಾಲ್ಕು ಹೆಜ್ಜೆ.

ಸೋಮವಾರ ಬೆಳಗ್ಗೆ ಅವರೇ ಬಂದು ಕರೆದರು. ನೀಲಿ ಕೋಟು, ಕತ್ತಿನವರೆಗೆ ಗುಂಡಿ. ಕೈಯಲ್ಲಿ ಆ ಎರಡು ರಬ್ಬರ್ ತುಂಡು. ಏನು ತೀರ್ಮಾನ ಮಾಡಿದ್ದಾರೆಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ವರ್ಕ್‌ಶಾಪಿನಲ್ಲಿ ಕಿಟಕಿಯ ಪಕ್ಕದ ಮೇಜಿಗೆ ಹೊಸ ದೀಪ ಹಾಕಿದ್ದರು. ಯಾರೋ ಸೀಮೆಸುಣ್ಣದಲ್ಲಿ ಮೇಜಿನ ಅಂಚಿಗೆ 'ತಾತನ ಜಾಗ, ಕೂತರೆ ಒದೆ' ಎಂದು ಬರೆದಿದ್ದರು. ತಾತ ಅದನ್ನು ಓದಿದರು. ಒಂದಿಷ್ಟು ಹೊತ್ತು ಅಲ್ಲೇ ನಿಂತರು. ಆಗ ನನಗನ್ನಿಸಿತು, ಹೇಳುವುದಿಲ್ಲ, ಕೂತುಬಿಡುತ್ತಾರೆ. ಕೂತರೆ ಸಾಕು ಎಂದು ನಾನೂ ಬೇಡಿಕೊಂಡೆ.

"ಯಜಮಾನರೇ," ಎಂದರು ಆ ಹೆಂಗಸಿಗೆ, "ನಾನು ತಪ್ಪು ಹೇಳಿದೆ. ಆ ಗೆರೆ ಎರಕದ್ದಲ್ಲ, ಚಾಕೂದು. ನಿಮ್ಮ ಕಾರಿಂದು ಬೋಳು ಟೈರು."

ಯಜಮಾನಿ ನಕ್ಕರು, ತಮಾಷೆ ಎಂದುಕೊಂಡು. ಆಮೇಲೆ ಟಾರ್ಚೂ ಭೂತಗನ್ನಡಿಯೂ ಬಂದವು. ಬೆಸುಗೆಯವನು ಟೈರು ಹಿಡಿದುಕೊಂಡ, ಅವರು ಗೆರೆಯ ತಳ ನೋಡಿದರು, ಬೆರಳು ಹಾಕಿದರು, ತಾತ ಕೊಟ್ಟ ತುಂಡಿಗೆ ಬೆರಳು ಹಾಕಿದರು. ತುಂಬ ಹೊತ್ತು ಹಿಡಿಯಿತು.

"ಹೌದು," ಎಂದರು ಕೊನೆಗೆ. "ಆದ್ರೆ ಅವತ್ತು ನೀವು ಮುಟ್ಟಿ ನೋಡಿದ್ರಲ್ಲ?"

"ಮುಟ್ಟಿದೆ. ಗೊತ್ತಾಗ್ಲಿಲ್ಲ. ನನ್ನ ಬೆರಳು ಹೋಗಿ ಎರಡು ವರ್ಷ ಆಯ್ತು. ಇದನ್ನ ಕಂಡುಹಿಡಿದಿದ್ದು ಈ ಹುಡುಗಿ."

ನನ್ನ ಕಡೆ ಎಲ್ಲರೂ ತಿರುಗಿದರು. ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಬೆಸುಗೆಯವನು ಟೈರು ಕೆಳಗಿಟ್ಟು ಮುಂದೆ ಬಂದ.

"ತಾತ, ಸುಮ್ನೆ ಬಂದು ಕೂತ್ಕೊಳ್ಳಿ ದಿನಾ. ನಮ್ಮನ್ನ ಬೈಯೋಕೆ ಒಬ್ರು ಬೇಕು."

"ಕೆಲಸ ಇಲ್ದೆ ಬೈಯೋಕೆ ಬರಲ್ಲಪ್ಪಾ ನಂಗೆ."

ಯಜಮಾನಿ ಒಳ್ಳೆಯವರು. ತಾತನ ಎರಡೂ ಕೈ ಹಿಡಿದುಕೊಂಡು, ನೀವು ಹೇಳದಿದ್ದರೆ ತಪ್ಪು ಟೈರು ಹಾಕಿಕೊಂಡು ಊರೆಲ್ಲ ಮೆರೆಯುತ್ತಿದ್ದೆವು ಎಂದರು; ಯಾವಾಗ ಬೇಕಾದರೂ ಬನ್ನಿ ಎಂದರು. ಮನಸಾರೆ ಹೇಳಿದರು. ಅವರು ಹಿಡಿದ ಹಿಡಿತ ಎಷ್ಟು ಬಿಗಿ ಎಂಬುದು ತಾತನಿಗೆ ತಿಳಿಯುತ್ತಿಲ್ಲ ಎಂದು ನನಗೊಬ್ಬಳಿಗೆ ಗೊತ್ತಿತ್ತು. ತಾತ ಹಿಡಿದ ಕೈಗಳನ್ನು ಕಣ್ಣಿನಿಂದ ನೋಡುತ್ತಿದ್ದರು.

ಬಸ್ಸಿನಲ್ಲಿ ಮಗಳು ಅವರ ತೊಡೆಯ ಮೇಲೆ ನಿದ್ದೆಹೋದಳು. ನನಗೆ ತಡೆಯಲಾಗಲಿಲ್ಲ.

"ನಾನು ಮೆಟ್ಟಿಲು ಅಂತ ಹೇಳ್ದೇ ಇದ್ದಿದ್ರೆ ಚೆನ್ನಾಗಿತ್ತು ತಾತ."

"ಹುಚ್ಚಿ," ಎಂದರು. "ನಾನು ಕೆತ್ತೋನು ಕಣಮ್ಮಾ. ಇನ್ನೊಬ್ಬ ಯಾವನೋ ಡ್ರೈವರು ಕೆಸರಲ್ಲಿ ಸಿಕ್ಕೊಂಡು, ಪ್ರಾಣಭಯದಲ್ಲಿ ಚಾಕು ಹಿಡ್ದು ಕೊರೆದಿದ್ದು ಅದು. ಅದನ್ನ ಕಾರ್ಖಾನೆ ಕೆಲಸ ಅಂತ ನಾನೇ ಅಚ್ಚು ಮಾಡ್ಬೇಕಿತ್ತಾ? ಅವನ ಕೈ ಚೆನ್ನಾಗಿತ್ತು. ಕಣ್ಣಿಗೆ ಮೋಸ ಮಾಡ್ತು ಅಂದ್ರೆ ಚೆನ್ನಾಗೇ ಇತ್ತು."

ಕಿಟಕಿಯಾಚೆ ಕಾರುಗಳು ಹೋಗುತ್ತಿದ್ದವು. ಅವರು ಯಾವುದರ ಚಕ್ರವನ್ನೂ ಬಗ್ಗಿ ನೋಡಲಿಲ್ಲ.

ಮೂರನೆಯ ಮಹಡಿ ಹತ್ತಿ, ನಾನು ಮಗಳನ್ನು ಮಲಗಿಸಿ ಹೊರಗೆ ಬಂದಾಗ ತಾತ ಇನ್ನೂ ತಮ್ಮ ಬಾಗಿಲ ಹೊಸ್ತಿಲಲ್ಲೇ ನಿಂತಿದ್ದರು. ಕೈ ಕೋಟಿನ ಎದೆಯ ಮೇಲಿತ್ತು.

"ಈ ಗುಂಡಿ ಒಂದಿಷ್ಟು ಬಿಚ್ಚಿಕೊಡ್ತೀಯೇನಮ್ಮಾ? ಬೆಳಗ್ಗೆ ಹಾಕ್ಕೊಳ್ಳೋಕೆ ಮುಕ್ಕಾಲು ಗಂಟೆ ಆಯ್ತು."

ಎರಡು ವರ್ಷ ಯಾರನ್ನೂ ಕೇಳದಿದ್ದವರು ಕೇಳಿದ್ದರು. ಆರು ಗುಂಡಿ ಇದ್ದವು. ಮಗಳ ಅಂಗಿ ಬಿಚ್ಚುವ ಹಾಗೆ ಮೇಲಿನಿಂದ ಒಂದೊಂದೇ ಬಿಚ್ಚಿದೆ. ಅವರು ಗೋಡೆಯ ಕಡೆ ನೋಡುತ್ತ ಗಲ್ಲ ಎತ್ತಿ ನಿಂತಿದ್ದರು. ಆರನೆಯದು ಬಿಚ್ಚಿದ ಮೇಲೆ "ಸಾಕು" ಎಂದು ಕೋಟು ತೆಗೆದುಕೊಂಡು ಒಳಗೆ ಹೋದರು. ಅದನ್ನು ಗೋಡೆಯ ಮೊಳೆಗೆ ತಾವೇ ತಗುಲಿಹಾಕಿದರು. ಎರಡು ಸಲ ಜಾರಿ ಬಿತ್ತು. ಮೂರನೆಯ ಸಲ ನಿಂತಿತು.